‘ನಿನಗೆ ಗೊತ್ತಾಗುತ್ತಲ್ಲ, ನೀನೇ ಸುಮ್ಮನಿರು’: ವಿಕಲಚೇತನ ಮಗುವಿನ ಒಡಹುಟ್ಟಿದವರಿಗೆ ಏನು ಬೇಕು?

ಜೂನ್‌ನಲ್ಲಿ ಶಾಲೆ ಶುರುವಾಗಿ ಇನ್ನೂ ವಾರ ಕಳೆದಿಲ್ಲ. ಆರನೇ ತರಗತಿಯಲ್ಲಿ ಗಣಿತ ನಡೆಯುತ್ತಿದೆ. ಬಾಗಿಲಿಗೆ ಒಬ್ಬ ಚಿಕ್ಕ ಹುಡುಗ ಬಂದು, ‘ಮಿಸ್, ಇವಳ ತಮ್ಮ ಕಿರುಚ್ತಿದಾನೆ, ನಮ್ ಮಿಸ್ ಕರೀತಿದಾರೆ’ ಅನ್ನುತ್ತಾನೆ. ಹುಡುಗಿ ಪುಸ್ತಕ ಮುಚ್ಚಿ ಎದ್ದು ಹೋಗುತ್ತಾಳೆ. ಮೂರನೇ ತರಗತಿಗೆ ಹೋದವಳೇ ಫ್ಯಾನ್ ಆರಿಸುತ್ತಾಳೆ, ತಮ್ಮನನ್ನು ಮೂಲೆಗೆ ಕರೆದೊಯ್ಯುತ್ತಾಳೆ, ಬೆನ್ನನ್ನು ಗಟ್ಟಿಯಾಗಿ ಒತ್ತಿ ಹಿಡಿದು ಹತ್ತು ನಿಮಿಷ ಕೂರುತ್ತಾಳೆ. ಅವನು ಸುಮ್ಮನಾಗುತ್ತಾನೆ. ಅವಳು ವಾಪಸ್ ಬರುವಷ್ಟರಲ್ಲಿ ಭಿನ್ನರಾಶಿಯ ಲೆಕ್ಕ ಮುಗಿದಿರುತ್ತದೆ.

ಈ ಅಕ್ಕ ಮತ್ತು ತಮ್ಮ ವಿಷಯ ವಿವರಿಸಲೆಂದು ನಾನು ಕಲ್ಪಿಸಿಕೊಂಡವರು. ಲೇಖನದುದ್ದಕ್ಕೂ ಅವರನ್ನೇ ಜೊತೆಗೆ ಇಟ್ಟುಕೊಳ್ಳೋಣ. ಇಂಥ ಮಕ್ಕಳು ನಿಮ್ಮ ಬೀದಿಯಲ್ಲೂ ಇರಬಹುದು, ನಿಮ್ಮ ನೆಂಟರಲ್ಲೂ ಇರಬಹುದು. ಎಲ್ಲರ ಕಣ್ಣೂ ತಮ್ಮನ ಮೇಲಿರುತ್ತದೆ, ಅದು ಸಹಜ. ಈ ಲೇಖನ ಅಕ್ಕನ ಕಡೆ ನೋಡುತ್ತದೆ. ಅವಳನ್ನು ನೋಡಿಕೊಂಡರೆ ತಮ್ಮನಿಗೂ ಒಳ್ಳೆಯದು ಎಂಬುದು ಓದುತ್ತ ಹೋದಂತೆ ಗೊತ್ತಾಗುತ್ತದೆ.

ಈಗ ಯಾಕೆ ಈ ಮಾತು

ಮೂವತ್ತು ವರ್ಷಗಳ ಹಿಂದೆ ಇಂಥ ತಮ್ಮ ಬಹುಶಃ ಮನೆಯಲ್ಲೇ ಇರುತ್ತಿದ್ದ, ಇಲ್ಲವೇ ದೂರದ ವಿಶೇಷ ಶಾಲೆಯಲ್ಲಿರುತ್ತಿದ್ದ. 2016ರಲ್ಲಿ ಸಂಸತ್ತು ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ವಿಕಲತೆಗಳಷ್ಟೇ ಇದ್ದವು, ಹೊಸದರಲ್ಲಿ 21 ಇವೆ. ಆಟಿಸಂ, ಕಲಿಕಾ ನ್ಯೂನತೆ, ಪಾರ್ಕಿನ್ಸನ್ ಕಾಯಿಲೆ, ತಲಸ್ಸೀಮಿಯಾ, ಆಸಿಡ್ ದಾಳಿಗೆ ತುತ್ತಾದವರು ಎಲ್ಲರೂ ಈಗ ಆ ಪಟ್ಟಿಯೊಳಗಿದ್ದಾರೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವಿಕಲತೆ ಇರುವ 6ರಿಂದ 18 ವರ್ಷದ ಮಕ್ಕಳು ಮನೆಯ ಹತ್ತಿರದ ಶಾಲೆಯಲ್ಲಾಗಲಿ, ತಾವು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯಬಹುದು.

ಹಾಗಾಗಿ ಅಕ್ಕ ತಮ್ಮ ಒಂದೇ ಗೇಟಿನೊಳಗೆ ಹೋಗುವುದು ಹೆಚ್ಚಾಗಿದೆ. ಇದು ನಿಜಕ್ಕೂ ಒಳ್ಳೆಯ ಬದಲಾವಣೆ. ಆದರೆ ತಮ್ಮನ ಹೊಣೆ ಮನೆಯಿಂದ ಶಾಲೆಗೆ ಬರುವಾಗ ಅಕ್ಕನ ಹೆಗಲ ಮೇಲೆ ಕೂತು ಬರುತ್ತಿದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ವಿಕಲಚೇತನರು 13 ಲಕ್ಷಕ್ಕೂ ಹೆಚ್ಚು, ದೇಶದಲ್ಲಿ ಸುಮಾರು 2.68 ಕೋಟಿ. ಅವರ ಜೊತೆ ಒಂದೇ ಚಾಪೆಯಲ್ಲಿ ಮಲಗಿ ಬೆಳೆದ ಒಡಹುಟ್ಟಿದವರು ಎಷ್ಟು ಮಂದಿ ಎಂದು ಯಾವ ಕಾಲಂನಲ್ಲೂ ಬರೆದುಕೊಂಡಿಲ್ಲ.

ತಮ್ಮನಿಗೆ ಆಗಿರುವುದಾದರೂ ಏನು?

ಒಡಹುಟ್ಟಿದ ಮಗುವಿಗೆ ಮೊದಲು ಬೇಕಾದದ್ದು ಇದರ ಉತ್ತರ. ದೊಡ್ಡವರಿಗೇ ಸರಿಯಾಗಿ ಗೊತ್ತಿಲ್ಲದಿದ್ದರೆ ಮಗುವಿಗೆ ಹೇಳುವುದು ಹೇಗೆ? ಹೆಚ್ಚಾಗಿ ಕಿವಿಗೆ ಬೀಳುವ ಕೆಲವು ಹೆಸರುಗಳನ್ನು ಬಿಡಿಸಿ ನೋಡೋಣ.

ಆಟಿಸಂ. ಹಬ್ಬದ ಹಿಂದಿನ ಸಂಜೆ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ನಿಂತು ಫೋನಿನಲ್ಲಿ ಮಾತಾಡುವುದನ್ನು ಊಹಿಸಿಕೊಳ್ಳಿ. ಅಷ್ಟು ಗದ್ದಲದಲ್ಲೂ ನಮ್ಮ ಮೆದುಳು ಬೇಡದ ಸದ್ದನ್ನು ಜರಡಿ ಹಿಡಿದು ಬೇಕಾದ ದನಿಯನ್ನು ಮಾತ್ರ ಒಳಗೆ ಬಿಡುತ್ತದೆ. ಆಟಿಸಂ ಇರುವ ಅನೇಕ ಮಕ್ಕಳಲ್ಲಿ ಆ ಜರಡಿ ಬೇರೆ ರೀತಿ ಕೆಲಸ ಮಾಡುತ್ತದೆ. ಫ್ಯಾನಿನ ಕಿರ್ ಸದ್ದು, ಟ್ಯೂಬ್‌ಲೈಟಿನ ಮಿಣುಕು, ಅಂಗಿಯ ಕಾಲರಿನ ಲೇಬಲ್ ಎಲ್ಲವೂ ಒಂದೇ ಜೋರಿನಲ್ಲಿ ಒಳಗೆ ಬರುತ್ತವೆ. ಇನ್ನೊಬ್ಬರ ಮುಖಭಾವ ಓದುವುದು, ಮಾತಿಗೆ ಮಾತು ಸೇರಿಸುವುದು ಕಷ್ಟವಾಗಬಹುದು. ಅಕ್ಕ ಮೊದಲು ಫ್ಯಾನ್ ಆರಿಸಿದ್ದು ಯಾಕೆ ಎಂದು ಈಗ ಗೊತ್ತಾಯಿತಲ್ಲ. ಅಷ್ಟು ಹೊತ್ತು ಆ ತರಗತಿಯಲ್ಲಿ ಇದನ್ನು ಬಲ್ಲವರು ಯಾರೂ ಇರಲಿಲ್ಲ.

ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ಪಾರ್ಶ್ವವಾಯು. ಮನೆಯ ಬಲ್ಬುಗಳೆಲ್ಲ ಸರಿಯಿವೆ, ಸ್ವಿಚ್‌ಬೋರ್ಡಿಗೆ ಪೆಟ್ಟಾಗಿದೆ ಅಂದುಕೊಳ್ಳಿ. ಒಂದು ಸ್ವಿಚ್ ಒತ್ತಿದರೆ ದೀಪ ಹತ್ತುವುದಿಲ್ಲ, ಇನ್ನೊಂದು ಒತ್ತಿದರೆ ಒಟ್ಟಿಗೇ ಮೂರು ಹತ್ತುತ್ತವೆ. ಕೈಕಾಲಿಗೆ ಅಪ್ಪಣೆ ಕಳಿಸುವ ಮೆದುಳಿನ ಭಾಗಕ್ಕೆ ಹುಟ್ಟುವ ಮೊದಲು, ಹುಟ್ಟುವಾಗ ಅಥವಾ ಹುಟ್ಟಿದ ಸ್ವಲ್ಪ ಕಾಲದಲ್ಲೇ ಪೆಟ್ಟಾಗಿರುತ್ತದೆ. ಆ ಪೆಟ್ಟು ವರ್ಷ ಕಳೆದಂತೆ ಹೆಚ್ಚಾಗುವುದಿಲ್ಲ. ಆದರೆ ಸ್ನಾಯುಗಳು ಬಿಗಿಯದಂತೆ ಫಿಸಿಯೋಥೆರಪಿ ನಡೆಯುತ್ತಲೇ ಇರಬೇಕು. ಮಾತು ತೊದಲುವ ಇಂಥ ಎಷ್ಟೋ ಮಕ್ಕಳ ಬುದ್ಧಿ ಪೂರ್ತಿ ಚುರುಕಾಗಿರುತ್ತದೆ, ಇದನ್ನು ನೆಂಟರು ಅನೇಕ ಸಲ ಮರೆಯುತ್ತಾರೆ.

ಬೌದ್ಧಿಕ ವಿಕಲತೆಯನ್ನು ಜನ ಈಗಲೂ ‘ಬುದ್ಧಿಮಾಂದ್ಯ’ ಎನ್ನುತ್ತಾರೆ. ಆ ಪದ ಮನೆಯವರಿಗೆ ನೋಯಿಸುವುದರಿಂದ ಬಿಡುವುದು ಒಳ್ಳೆಯದು. ಕಲಿಯುವ ವೇಗ ನಿಧಾನ, ಕಲಿತದ್ದನ್ನು ಹೊಸ ಸಂದರ್ಭಕ್ಕೆ ಹೊಂದಿಸುವುದು ಕಷ್ಟ ಎಂಬುದಷ್ಟೇ ಇದರ ಅರ್ಥ. ಡೌನ್ ಸಿಂಡ್ರೋಮ್ ಇದಕ್ಕಿರುವ ಹಲವು ಕಾರಣಗಳಲ್ಲಿ ಒಂದು.

ಇವು ಯಾವುವೂ ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಪಕ್ಕದಲ್ಲಿ ಮಲಗಿದರೆ ಬರುವುದಿಲ್ಲ. ದೊಡ್ಡವರಿಗೆ ಇದು ಗೊತ್ತಿರುವ ಸಂಗತಿ. ನಾಲ್ಕು ವರ್ಷದ ಮಗುವಿಗೆ ಗೊತ್ತಿರುವುದಿಲ್ಲ.

ಒಂದೇ ಬಿಂದಿಗೆ ನೀರು

ತಮ್ಮನ ದಿನಚರಿ ಬರೆದು ನೋಡಿ. ಬೆಳಿಗ್ಗೆ ತಿಂಡಿ ತಿನ್ನಿಸಲು ಒಂದು ಗಂಟೆ. ವಾರಕ್ಕೆ ಎರಡು ಮೂರು ಸಲ ಥೆರಪಿ, ಅದಕ್ಕೆ ತಾಲ್ಲೂಕಿನಿಂದ ಜಿಲ್ಲಾ ಕೇಂದ್ರಕ್ಕೆ ಬಸ್. ಒಂದು ಸಲಕ್ಕೆ ಅರ್ಧ ದಿನ ಹೋಯಿತು. ರಾತ್ರಿ ಎರಡು ಗಂಟೆಗೆ ಅವನು ಎದ್ದು ಕೂತರೆ ಅಮ್ಮನೂ ಎದ್ದು ಕೂರಬೇಕು. ನಡುವೆ ಸರ್ಟಿಫಿಕೇಟು, ಕಾರ್ಡು, ನವೀಕರಣಕ್ಕೆ ಕಚೇರಿ ಅಲೆಯಬೇಕು. ಎಷ್ಟೋ ಮನೆಗಳಲ್ಲಿ ತಾಯಿ ಕೆಲಸ ಬಿಟ್ಟಿರುತ್ತಾರೆ. ಒಬ್ಬರ ಸಂಬಳ ನಿಂತಾಗಲೇ ಖರ್ಚು ಏರುತ್ತದೆ.

ತಂದೆ ತಾಯಿಯ ಸಮಯ ಮತ್ತು ತ್ರಾಣ ಒಂದು ಬಿಂದಿಗೆ ನೀರಿದ್ದಂತೆ. ಬೇಸಿಗೆಯಲ್ಲಿ ಬಾಡುತ್ತಿರುವ ಗಿಡಕ್ಕೆ ಮೊದಲು ನೀರು ಹಾಕುತ್ತೇವೆ, ಹಸಿರಾಗಿ ನಿಂತಿರುವುದನ್ನು ನಾಳೆ ನೋಡೋಣ ಅನ್ನುತ್ತೇವೆ. ಅಕ್ಕ ಹಸಿರಾಗಿ ನಿಂತಿರುವ ಗಿಡ. ಹೋಂವರ್ಕ್ ತಾನೇ ಮಾಡುತ್ತಾಳೆ, ಜಡೆ ತಾನೇ ಹೆಣೆದುಕೊಳ್ಳುತ್ತಾಳೆ, ಹೊಟ್ಟೆನೋವನ್ನೂ ಹೇಳುವುದಿಲ್ಲ. ಎಲ್ಲರೂ ‘ಎಷ್ಟು ಜಾಣೆ’ ಅನ್ನುತ್ತಾರೆ.

ಇಂಗ್ಲಿಷ್ ಬಲ್ಲ ದೇಶಗಳಲ್ಲಿ ಇಂಥ ಮಕ್ಕಳಿಗೆ ‘ಗಾಜಿನ ಮಗು’ ಎಂಬ ಹೆಸರು ಚಾಲ್ತಿಗೆ ಬಂದಿದೆ. ಗಾಜಿನ ಈಚೆ ನಿಂತವರಿಗೆ ಆಚೆಗಿರುವುದು ಕಾಣುತ್ತದೆ, ಗಾಜು ಕಾಣುವುದಿಲ್ಲ. ಇದು ವೈದ್ಯರು ಬರೆದುಕೊಡುವ ಕಾಯಿಲೆಯ ಹೆಸರಲ್ಲ, ಅನುಭವಿಸಿದವರು ತಮ್ಮ ಸ್ಥಿತಿಗೆ ಹುಡುಕಿಕೊಂಡ ಮಾತು. ತಂದೆ ತಾಯಿಯನ್ನು ದೂರಲು ಅದನ್ನು ಬಳಸುವುದು ತಪ್ಪಾಗುತ್ತದೆ. ಬಿಂದಿಗೆ ಚಿಕ್ಕದಾದದ್ದು ಅವರ ತಪ್ಪಿನಿಂದಲ್ಲ.

ಅವಳೊಳಗೆ ಏನು ನಡೆಯುತ್ತದೆ

ವಯಸ್ಸಿಗೆ ತಕ್ಕಂತೆ ಪ್ರಶ್ನೆಗಳು ಬದಲಾಗುತ್ತವೆ. ಮೂರರಿಂದ ಆರು ವರ್ಷದ ಮಕ್ಕಳು ಜಗತ್ತಿನಲ್ಲಿ ಆಗುವುದೆಲ್ಲ ತಮ್ಮಿಂದಲೇ ಎಂದು ತಿಳಿಯುತ್ತಾರೆ. ‘ಪಾಪು ಬೇಡ’ ಎಂದು ಅಮ್ಮನ ಹೊಟ್ಟೆಗೆ ಒಮ್ಮೆ ಹೊಡೆದದ್ದು ನೆನಪಿಟ್ಟುಕೊಂಡು, ಅದಕ್ಕೇ ತಮ್ಮನಿಗೆ ಮಾತು ಬಂದಿಲ್ಲ ಎಂದು ವರ್ಷಗಟ್ಟಲೆ ಒಳಗೇ ಹೊತ್ತುಕೊಂಡಿರಬಹುದು. ಕೇಳದೆ ಇದು ಹೊರಗೆ ಬರುವುದಿಲ್ಲ.

ಏಳೆಂಟು ವರ್ಷದಿಂದ ನಾಚಿಕೆ ಶುರುವಾಗುತ್ತದೆ. ಮದುವೆ ಮನೆಯಲ್ಲಿ ತಮ್ಮ ಕಿರುಚಿದಾಗ ನೂರು ತಲೆಗಳು ತಿರುಗುತ್ತವೆ. ‘ನಾನು ಇವನ ಅಕ್ಕ ಅಂತ ಗೊತ್ತಾಗದಿದ್ದರೆ ಸಾಕು’ ಎಂದು ಒಂದು ಕ್ಷಣ ಅನ್ನಿಸುತ್ತದೆ, ಅದರ ಹಿಂದೆಯೇ ‘ಛೆ, ನಾನೆಂಥ ಕೆಟ್ಟವಳು’ ಅನ್ನಿಸುತ್ತದೆ. ಮೊದಲನೆಯದಕ್ಕಿಂತ ಎರಡನೆಯದು ಹೆಚ್ಚು ದಿನ ಉಳಿಯುತ್ತದೆ. ಹೊಟ್ಟೆಕಿಚ್ಚೂ ಇರುತ್ತದೆ. ತಮ್ಮ ಒಂದು ಅಕ್ಷರ ಹೇಳಿದರೆ ಮನೆಯಲ್ಲಿ ಹಬ್ಬ, ತಾನು ನೂರಕ್ಕೆ ತೊಂಬತ್ತು ತಂದರೆ ‘ಹೂಂ, ಒಳ್ಳೇದು’. ಹದಿಹರೆಯಕ್ಕೆ ಬಂದಾಗ ಭವಿಷ್ಯದ ಪ್ರಶ್ನೆಗಳು ಏಳುತ್ತವೆ: ನಾನು ಬೇರೆ ಊರಿಗೆ ಓದಲು ಹೋಗಬಹುದೇ? ನನ್ನ ಮದುವೆ ಹೇಗೆ? ಅಪ್ಪ ಅಮ್ಮ ಹೋದ ಮೇಲೆ ಇವನು ಯಾರ ಜೊತೆ?

ಇವುಗಳ ಜೊತೆಗೇ ಪ್ರೀತಿಯೂ ಹೆಮ್ಮೆಯೂ ಇವೆ. ತಮ್ಮ ನಗುವುದು ಯಾವುದಕ್ಕೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಒಡಹುಟ್ಟಿದವರ ಮೇಲಿನ ಅಧ್ಯಯನಗಳ ಫಲಿತಾಂಶ ಒಂದೇ ದಿಕ್ಕಿಗೆ ಇಲ್ಲ. ಕೆಲವರಲ್ಲಿ ಆತಂಕ, ಖಿನ್ನತೆ ತುಸು ಹೆಚ್ಚು ಕಂಡರೆ, ಬಹಳ ಮಂದಿ ಚೆನ್ನಾಗಿಯೇ ಬೆಳೆಯುತ್ತಾರೆ, ಸಹನೆಯನ್ನೂ ಬೇರೆಯವರ ಕಷ್ಟ ಅರಿಯುವ ಗುಣವನ್ನೂ ಬೆಳೆಸಿಕೊಳ್ಳುತ್ತಾರೆ. ಹಾಗಾಗಿ ‘ಅಯ್ಯೋ, ಈ ಹುಡುಗಿಯ ಬಾಳೂ ಹಾಳಾಯಿತು’ ಎನ್ನುವುದೂ ಸರಿಯಲ್ಲ, ‘ಅವಳು ದೇವತೆ, ಅವಳಿಗೇನೂ ಆಗಲ್ಲ’ ಎನ್ನುವುದೂ ಸರಿಯಲ್ಲ.

ನಿದ್ದೆ ಕೆಡುವುದು, ಕಾರಣ ಸಿಗದ ತಲೆನೋವು ಹೊಟ್ಟೆನೋವು, ಗೆಳತಿಯರನ್ನು ಮನೆಗೆ ಕರೆಯದಿರುವುದು, ಒಂದು ಅಂಕ ಕಡಿಮೆಯಾದರೂ ಅಳು, ಯಾವುದಕ್ಕೂ ‘ಬೇಡ’ ಅನ್ನದಿರುವುದು ಇವೆಲ್ಲ ಗಮನಿಸಬೇಕಾದ ಸೂಚನೆಗಳು. ಕೊನೆಯದನ್ನು ನಾವು ಒಳ್ಳೆಯ ಗುಣ ಎಂದು ಹೊಗಳುವುದೇ ಹೆಚ್ಚು.

ಮಗುವಿಗೆ ಹೇಗೆ ಹೇಳುವುದು

‘ಇನ್ನೂ ಚಿಕ್ಕವಳು, ಆಮೇಲೆ ಹೇಳೋಣ’ ಎಂದು ಮುಂದೂಡಿದರೆ ಮಗು ತಾನೇ ಒಂದು ಉತ್ತರ ಕಟ್ಟಿಕೊಳ್ಳುತ್ತದೆ. ಅದು ನಿಜಕ್ಕಿಂತ ಭಯಂಕರವಾಗಿರುವ ಸಾಧ್ಯತೆಯೇ ಹೆಚ್ಚು. ಒಮ್ಮೆ ಕೂರಿಸಿ ಎಲ್ಲವನ್ನೂ ಹೇಳಿ ಮುಗಿಸಬೇಕಾಗಿಲ್ಲ. ಅನ್ನ ಕಲಸುವಾಗ, ಬಸ್ಸಿನಲ್ಲಿ, ಪಾತ್ರೆ ಒರೆಸುವಾಗ ತುಸು ತುಸು ಹೇಳಿದರೆ ಸಾಕು.

ನಾಲ್ಕೈದು ವರ್ಷದ ಮಗುವಿಗೆ: ‘ಪುಟ್ಟಿ, ತಮ್ಮನಿಗೆ ಜೋರು ಸದ್ದು ಕೇಳಿದ್ರೆ ಕಿವಿ ನೋಯುತ್ತೆ. ಹೇಳೋಕೆ ಮಾತು ಬರಲ್ಲ, ಅದಕ್ಕೇ ಕಿರುಚ್ತಾನೆ. ನೀನು ಏನೂ ಮಾಡಿದ್ದರಿಂದ ಹೀಗಾಗಿಲ್ಲ. ನಿನಗೆ ಇದು ಅಂಟಲ್ಲ.’ ಈ ನಾಲ್ಕು ವಾಕ್ಯಗಳಲ್ಲಿ ಕೊನೆಯ ಎರಡನ್ನು ಮರೆಯಬಾರದು.

ಎಂಟು ಹತ್ತು ವರ್ಷದ ಮಗುವಿಗೆ ವಿಕಲತೆಯ ಹೆಸರನ್ನೇ ಹೇಳಬಹುದು. ಶಾಲೆಯಲ್ಲಿ ಯಾರಾದರೂ ‘ನಿನ್ನ ತಮ್ಮ ಹುಚ್ಚನಾ?’ ಎಂದು ಕೇಳಿದರೆ ಕೊಡಲು ಒಂದು ಸಿದ್ಧ ಉತ್ತರ ಬೇಕು. ‘ಅವನಿಗೆ ಆಟಿಸಂ ಇದೆ. ಜೋರು ಸದ್ದು ಆಗಲ್ಲ. ನೀನು ಮೆಲ್ಲಗೆ ಮಾತಾಡಿದ್ರೆ ಆಡ್ತಾನೆ.’ ಮನೆಯಲ್ಲೇ ಆಟದಂತೆ ಎರಡು ಸಲ ಹೇಳಿಸಿ ಅಭ್ಯಾಸ ಮಾಡಿಸಿದರೆ, ಮೈದಾನದಲ್ಲಿ ಗಂಟಲು ಕಟ್ಟುವುದಿಲ್ಲ. ಉತ್ತರ ಕೊಡದೆ ಹೊರಟುಹೋಗುವುದೂ ಅವಳ ಹಕ್ಕು ಎಂದು ಹೇಳಿರಿ.

ಸಿಟ್ಟು ಬಂದಾಗ ಏನನ್ನಬೇಕು? ‘ಇವನು ಹುಟ್ಟಲೇಬಾರದಿತ್ತು’ ಎಂದು ಅಕ್ಕ ಕಿರುಚಿದರೆ ಯಾವ ತಾಯಿಗೂ ಕರುಳು ಹಿಂಡುತ್ತದೆ. ‘ಹಾಗನ್ನಬಾರದು, ಪಾಪ ಬರುತ್ತೆ’ ಎಂದು ಬಾಯಿ ಮುಚ್ಚಿಸಿದರೆ ಮಾತು ನಿಲ್ಲುತ್ತದೆ, ಸಿಟ್ಟು ನಿಲ್ಲುವುದಿಲ್ಲ. ‘ನಿನ್ನ ಪ್ರಾಜೆಕ್ಟ್ ಹರಿದುಹಾಕಿದ, ಅದಕ್ಕೆ ಸಿಟ್ಟು ಬಂದಿದೆ. ಯಾರಿಗಾದರೂ ಬರುತ್ತೆ’ ಎಂದು ಕೂತುಬಿಡುವುದು ಕಷ್ಟ, ಆದರೆ ಅದೇ ಕೆಲಸಕ್ಕೆ ಬರುತ್ತದೆ. ಆಮೇಲೆ ಅವಳ ಪುಸ್ತಕಗಳಿಗೆ ತಮ್ಮನ ಕೈಗೆ ಎಟುಕದ ಒಂದು ಕಪಾಟು, ಬೀಗ ಸಹಿತ ಕೊಡಿ. ಹೊಡೆತ, ಕಚ್ಚುವಿಕೆ ಇದ್ದರಂತೂ ಅವಳ ಸುರಕ್ಷತೆ ಮೊದಲು. ‘ಅವನಿಗೆ ಗೊತ್ತಾಗಲ್ಲ, ನಿನಗೆ ಗೊತ್ತಾಗುತ್ತಲ್ಲ, ನೀನೇ ಸುಮ್ಮನಿರು’ ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಸಲೀಸಾಗಿ ಬರುತ್ತದೆಂದರೆ, ಅದನ್ನು ಕೇಳಿ ಬೆಳೆದ ಮಗು ತನಗೆ ನೋವಾದರೆ ಹೇಳಬಾರದು ಎಂದೇ ಕಲಿಯುತ್ತದೆ.

ಸಹಾಯ ಎಲ್ಲಿಯವರೆಗೆ

ತಮ್ಮನಿಗೆ ನೀರು ಕೊಡುವುದು, ಅವನ ಜೊತೆ ಆಡುವುದು, ಚಪ್ಪಲಿ ಹಾಕಲು ಕಲಿಸುವುದು ಒಡಹುಟ್ಟಿದವರು ಮಾಡುವ ಕೆಲಸ. ಹಳ್ಳಿಯ ಮನೆಯಲ್ಲಿ ಯಾವ ಅಕ್ಕನಾದರೂ ಮಾಡುತ್ತಾಳೆ. ಔಷಧದ ಹೊತ್ತನ್ನು ನೆನಪಿಡುವುದು, ಫಿಟ್ಸ್ ಬಂದಾಗ ಒಬ್ಬಳೇ ನಿಭಾಯಿಸುವುದು, ಅವನಿಗಾಗಿ ದಿನವೂ ಶಾಲೆಗೆ ತಡವಾಗುವುದು, ಅಮ್ಮನ ಅಳುವಿಗೆ ತಾನೇ ಸಮಾಧಾನ ಹೇಳುವುದು ಇವೆಲ್ಲ ತಂದೆ ತಾಯಿಯ ಕೆಲಸ. ಮಗು ಪೋಷಕರ ಪಾತ್ರಕ್ಕೆ ಜಾರುವುದನ್ನು ಮನಶ್ಶಾಸ್ತ್ರದಲ್ಲಿ ಪ್ರತ್ಯೇಕ ಹೆಸರಿಟ್ಟು ಗುರುತಿಸುತ್ತಾರೆ. ಗೆರೆ ಎಲ್ಲಿದೆ ಎಂದು ತಿಳಿಯಲು ಒಂದು ಪ್ರಶ್ನೆ ಸಾಕು: ಇವತ್ತು ಅವಳು ‘ಆಗಲ್ಲ’ ಅಂದರೆ ಈ ಕೆಲಸ ಮಾಡಲು ಇನ್ನೊಬ್ಬರು ಇದ್ದಾರೆಯೇ? ಇಲ್ಲವಾದರೆ ಅದು ಸಹಾಯದ ಮಿತಿ ದಾಟಿದೆ.

ಇನ್ನೊಂದು, ಅವಳಿಗೇ ಮೀಸಲಾದ ಸಮಯ. ದಿನಕ್ಕೆ ಹದಿನೈದು ನಿಮಿಷ ಅಥವಾ ವಾರಕ್ಕೊಂದು ಸಂಜೆ ಸಂತೆಗೆ ಅವಳನ್ನೊಬ್ಬಳನ್ನೇ ಕರೆದೊಯ್ಯುವುದು. ತಮ್ಮನ ಮಾತು ಆ ಹೊತ್ತಿನಲ್ಲಿ ಬೇಡ. ಸಮಯ ಚಿಕ್ಕದಿದ್ದರೂ ನಡೆಯುತ್ತದೆ, ತಪ್ಪಬಾರದು ಅಷ್ಟೆ.

ಶಾಲೆಯವರಿಗೆ

ಅಕ್ಕನನ್ನು ತರಗತಿಯಿಂದ ಕರೆಸುವುದನ್ನು ನಿಲ್ಲಿಸುವುದು ಮೊದಲ ಹೆಜ್ಜೆ. ಅದರ ಬದಲು ಒಂದು ಸಲ, ಪಾಠವಿಲ್ಲದ ಹೊತ್ತಿನಲ್ಲಿ, ತಮ್ಮನಿಗೆ ಏನು ಹಿತ, ಏನು ಅಹಿತ ಎಂದು ತಾಯಿಯನ್ನೂ ಅವಳನ್ನೂ ಕೇಳಿ ಬರೆದುಕೊಳ್ಳಬಹುದು. ಫ್ಯಾನ್ ಆರಿಸುವುದನ್ನು ಮೂರನೇ ತರಗತಿಯ ಶಿಕ್ಷಕಿಯೂ ಕಲಿಯಬಲ್ಲರು. ಸಮಗ್ರ ಶಿಕ್ಷಣದಡಿ ಪ್ರತಿ ಬ್ಲಾಕಿಗೂ ವಿಶೇಷ ಅಗತ್ಯದ ಮಕ್ಕಳಿಗಾಗಿ ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರಿದ್ದಾರೆ. ಬಿಇಒ ಕಚೇರಿಯಲ್ಲಿ ವಿಚಾರಿಸಿದರೆ ಸಿಗುತ್ತಾರೆ.

ನೆಂಟರು, ನೆರೆಯವರು

‘ಏನು ಕರ್ಮವೋ’, ‘ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದೆಯಾ?’ ಎಂಬ ಮಾತುಗಳು ತಾಯಿಗೆ ಮಾತ್ರ ತಾಗುತ್ತವೆ ಎಂದುಕೊಂಡಿರುತ್ತೇವೆ. ಪಕ್ಕದಲ್ಲಿ ಕೂತ ಅಕ್ಕನೂ ಕೇಳಿಸಿಕೊಳ್ಳುತ್ತಾಳೆ. ತಾಯಿಯನ್ನು ದೂರುವುದು ನಮ್ಮಲ್ಲಷ್ಟೇ ನಡೆದದ್ದಲ್ಲ. ಕಳೆದ ಶತಮಾನದ ನಡುವಿನಲ್ಲಿ ಅಮೆರಿಕದ ಕೆಲವು ಹೆಸರಾಂತ ತಜ್ಞರೇ ತಾಯಿಯ ಮನಸ್ಸು ತಣ್ಣಗಿರುವುದರಿಂದ ಆಟಿಸಂ ಬರುತ್ತದೆ ಎಂದು ಸಾರಿದ್ದರು. ಅರವತ್ತರ ದಶಕದಿಂದ ಆ ವಾದ ಕುಸಿಯಿತು. ಬೆಳೆಸುವ ರೀತಿಯಿಂದ ಆಟಿಸಂ ಬರುವುದಿಲ್ಲ ಎಂಬುದು ಇವತ್ತು ಸ್ಪಷ್ಟ.

ನಿಜಕ್ಕೂ ಸಹಾಯ ಮಾಡಬೇಕೆನಿಸಿದರೆ ‘ಏನಾದ್ರೂ ಬೇಕಿದ್ರೆ ಹೇಳಿ’ ಎನ್ನುವ ಬದಲು, ‘ಭಾನುವಾರ ನಾಲ್ಕರಿಂದ ಆರರವರೆಗೆ ನಾನು ತಮ್ಮನ ಜೊತೆ ಇರ್ತೀನಿ, ನೀವು ಮಗಳ ಜೊತೆ ಹೊರಗೆ ಹೋಗಿ ಬನ್ನಿ’ ಎಂದು ಹೇಳಿ. ನೋಡಿಕೊಳ್ಳುವವರಿಗೆ ಹೀಗೆ ಸಿಗುವ ಬಿಡುವನ್ನು ಸರ್ಕಾರವೂ ಒಂದು ಸೇವೆ ಎಂದೇ ಗುರುತಿಸಿದೆ. ಕೆಲವು ಬಗೆಯ ವಿಕಲಚೇತನರಿಗಾಗಿ ಕೇಂದ್ರ ಸರ್ಕಾರ ಸ್ಥಾಪಿಸಿದ ನ್ಯಾಷನಲ್ ಟ್ರಸ್ಟ್‌ ‘ಸಮರ್ಥ್’ ಯೋಜನೆಯನ್ನು ಇದಕ್ಕೆಂದೇ ರೂಪಿಸಿತು, ಆದರೆ ಅಂಥ ಕೇಂದ್ರ ಹತ್ತಿರದಲ್ಲಿರುವುದು ಅಪರೂಪ. ಚಿಕ್ಕಮ್ಮ, ಸೋದರಮಾವ, ಎದುರುಮನೆಯವರು ಕೊಡುವ ಎರಡು ಗಂಟೆಗೆ ಅಷ್ಟು ಬೆಲೆಯಿದೆ. ಹುಟ್ಟುಹಬ್ಬಕ್ಕೆ ಕರೆಯುವಾಗ ಇಬ್ಬರ ಹೆಸರನ್ನೂ ಹೇಳಿ ಕರೆಯಿರಿ.

ಮದುವೆಯ ಮಾತು ಬಂದಾಗ

ನಮ್ಮಲ್ಲಿ ಅನೇಕ ಮನೆಗಳು ತಮ್ಮನನ್ನು ನೆಂಟರ ಕಣ್ಣಿಗೆ ಬೀಳದಂತೆ ಇಡುವುದಕ್ಕೆ ಅಕ್ಕನ ಮದುವೆಯ ಚಿಂತೆಯೇ ಕಾರಣ. ‘ಇವಳ ಮಕ್ಕಳಿಗೂ ಬಂದರೆ?’ ಎಂದು ಗಂಡಿನ ಕಡೆಯವರು ಬಾಯಿಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ಕೇಳುತ್ತಾರೆ. ಅವಳೂ ಕೇಳಿಕೊಳ್ಳುತ್ತಾಳೆ. ಒಂದೊಂದು ವಿಕಲತೆಗೂ ಉತ್ತರ ಬೇರೆ, ಆದ್ದರಿಂದ ಒಟ್ಟಾರೆಯಾಗಿ ಹೆದರುವುದರಲ್ಲಿ ಅರ್ಥವಿಲ್ಲ.

ಹೆರಿಗೆಯ ಸಮಯದ ತೊಂದರೆ, ಅವಧಿಗೆ ಮುಂಚಿನ ಹುಟ್ಟು, ತೀವ್ರ ಕಾಮಾಲೆ, ಮೆದುಳಿನ ಸೋಂಕು ಇಂಥ ಕಾರಣದಿಂದ ಬಂದ ಸೆರೆಬ್ರಲ್ ಪಾಲ್ಸಿ ವಂಶದಲ್ಲಿ ಇಳಿಯುವುದಿಲ್ಲ. ಡೌನ್ ಸಿಂಡ್ರೋಮ್‌ನಲ್ಲಿ 21ನೇ ವರ್ಣತಂತು (ಕ್ರೋಮೋಸೋಮ್) ಎರಡರ ಬದಲು ಮೂರು ಇರುತ್ತವೆ. ನೂರರಲ್ಲಿ ಸುಮಾರು 95 ಪ್ರಕರಣಗಳಲ್ಲಿ ಇದು ಜೀವಕೋಶ ಒಡೆಯುವಾಗ ಆಕಸ್ಮಿಕವಾಗಿ ಆಗುವಂಥದ್ದು, ಅಕ್ಕನಿಗೆ ಅದರಿಂದ ತೊಡಕಿಲ್ಲ. ಉಳಿದ ಸ್ವಲ್ಪ ಪ್ರಕರಣಗಳಲ್ಲಿ ಕೆಲವು ತಂದೆ ಅಥವಾ ತಾಯಿಯಿಂದ ಬಂದಿರಬಹುದು. ಯಾವ ಬಗೆ ಎಂಬುದು ತಮ್ಮನ ರಕ್ತದ ವರ್ಣತಂತು ಪರೀಕ್ಷೆಯಿಂದಲೇ ಗೊತ್ತಾಗುತ್ತದೆ.

ಡುಶೆನ್ ಸ್ನಾಯುಕ್ಷಯದ ಲೆಕ್ಕ ಬೇರೆ. ದೋಷವಿರುವ ವಂಶವಾಹಿ (ಜೀನ್) ಎಕ್ಸ್ ವರ್ಣತಂತುವಿನ ಮೇಲಿದೆ. ಗಂಡು ಮಗುವಿಗೆ ಒಂದೇ ಎಕ್ಸ್ ಇರುವುದರಿಂದ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಸಾಮಾನ್ಯವಾಗಿ ಅವಳು ಆರೋಗ್ಯವಾಗಿಯೇ ಇದ್ದು ದೋಷವನ್ನು ಮುಂದಿನ ಪೀಳಿಗೆಗೆ ದಾಟಿಸಬಹುದು. ತಾಯಿಯಲ್ಲಿ ಆ ದೋಷವಿದ್ದರೆ ಅಕ್ಕನಲ್ಲೂ ಇರುವ ಸಾಧ್ಯತೆ ಅರ್ಧಕ್ಕರ್ಧ. ಇಂಥ ಮನೆಯ ಹೆಣ್ಣುಮಕ್ಕಳು ಮದುವೆಯ ಹೊತ್ತಿಗೆ, ಕನಿಷ್ಠ ಬಸಿರಾಗುವ ಮೊದಲು, ಪರೀಕ್ಷೆ ಮಾಡಿಸುವುದು ಮುಖ್ಯ. ಆಟಿಸಂನಲ್ಲಿ ಅನುವಂಶೀಯತೆಯ ಪಾಲು ದೊಡ್ಡದೇ, ಆದರೆ ಅದು ಹಲವು ವಂಶವಾಹಿಗಳು ಸೇರಿ ಆಗುವಂಥದ್ದು, ಒಂದು ಪರೀಕ್ಷೆಯಿಂದ ಹೌದು ಇಲ್ಲ ಎಂದು ಹೇಳಲಾಗುವುದಿಲ್ಲ.

ದಕ್ಷಿಣ ಕರ್ನಾಟಕದಲ್ಲಾಗಲಿ ಉತ್ತರದಲ್ಲಾಗಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವ ರೂಢಿ ಇನ್ನೂ ಇದೆ. ರಕ್ತ ಸಂಬಂಧದಲ್ಲಿ ಇಬ್ಬರಲ್ಲೂ ಒಂದೇ ಅಡಗಿದ ದೋಷ ಇರುವ ಸಾಧ್ಯತೆ ಹೆಚ್ಚು. ಎರಡೂ ಕಡೆಯಿಂದ ಬಂದು ಸೇರಿದಾಗ ಕೆಲವು ಬಗೆಯ ಹುಟ್ಟು ಕಿವುಡುತನ, ಉಂಡದ್ದನ್ನು ದೇಹ ಬಳಸಿಕೊಳ್ಳುವ ಚಯಾಪಚಯ ಕ್ರಿಯೆಯ ಕೆಲವು ಕಾಯಿಲೆಗಳು ಮಗುವಿನಲ್ಲಿ ಕಾಣಿಸಿಕೊಳ್ಳುತ್ತವೆ. ತಮ್ಮನ ವಿಕಲತೆ ಇಂಥದ್ದಾಗಿದ್ದರೆ ಅಕ್ಕನನ್ನು ಮತ್ತೆ ಸಂಬಂಧದೊಳಗೇ ಕೊಡುವುದಕ್ಕೆ ಮುಂಚೆ ವಂಶವಾಹಿ ಸಮಾಲೋಚಕರನ್ನು ಕಾಣಬೇಕು. ಬೆಂಗಳೂರಿನ ಮಾನವ ವಂಶವಾಹಿ ಕೇಂದ್ರದಂಥ ಸಂಸ್ಥೆಗಳಲ್ಲೂ ದೊಡ್ಡ ಆಸ್ಪತ್ರೆಗಳಲ್ಲೂ ಈ ಸಮಾಲೋಚನೆ ಸಿಗುತ್ತದೆ. ತಮ್ಮನ ವರದಿಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಪಾನವಾಗಿಟ್ಟು, ಹದಿನೆಂಟಾದ ಮೇಲೆ ಅಕ್ಕನಿಗೆ ತೋರಿಸಿ. ಅದರಲ್ಲಿರುವುದು ಅವಳಿಗೂ ಬೇಕಾದ ಮಾಹಿತಿ.

ನಮ್ಮ ನಂತರ ಯಾರು?

ಈ ಪ್ರಶ್ನೆಯನ್ನು ತಂದೆ ತಾಯಿ ದಿನವೂ ಕೇಳಿಕೊಳ್ಳುತ್ತಾರೆ, ಆದರೆ ಮನೆಯಲ್ಲಿ ಜೋರಾಗಿ ಕೇಳುವುದಿಲ್ಲ. ‘ಅಕ್ಕ ಇದ್ದಾಳಲ್ಲ’ ಎಂದು ಒಳಗೇ ಉತ್ತರಿಸಿಕೊಂಡಿರುತ್ತಾರೆ. ಎಲ್ಲ ಸಂಬಂಧಗಳಲ್ಲಿ ಒಡಹುಟ್ಟಿನದೇ ಹೆಚ್ಚು ಕಾಲ ಬಾಳುವಂಥದ್ದು, ಹಾಗಾಗಿ ಆ ನಿರೀಕ್ಷೆ ಅಸಹಜವಲ್ಲ. ಆದರೆ ಅವಳನ್ನು ಕೇಳಬೇಕು. ಅವಳು ಏನು ಮಾಡಬಲ್ಲಳು, ಏನು ಮಾಡಲಾರಳು ಎಂಬುದನ್ನು ಹೇಳಲು ಬಿಡಬೇಕು. ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುವುದು ಒಂದು ಬಗೆ. ತಮ್ಮ ಬೇರೆ ಕಡೆ ಇದ್ದು, ಅಕ್ಕ ಅವನ ಲೆಕ್ಕಪತ್ರ ನೋಡುತ್ತಾ ವಾರಕ್ಕೊಮ್ಮೆ ಹೋಗಿ ಬರುವುದೂ ಒಂದು ಬಗೆ.

ಕಾನೂನಿನ ಒಂದು ಅಂಶ ಬಹಳ ಮನೆಗಳಿಗೆ ಗೊತ್ತಿರುವುದಿಲ್ಲ. ಮಗುವಿಗೆ 18 ತುಂಬುವವರೆಗೆ ಮಾತ್ರ ತಂದೆ ತಾಯಿ ಕಾನೂನಿನ ಕಣ್ಣಿನಲ್ಲಿ ಸಹಜ ಪೋಷಕರು (ಗಾರ್ಡಿಯನ್). ಆಮೇಲೆ, ಮಗುವಿಗೆ ಎಷ್ಟೇ ತೀವ್ರ ವಿಕಲತೆ ಇದ್ದರೂ, ಅವರು ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಮುಂದುವರಿಯುವುದಿಲ್ಲ. ಬ್ಯಾಂಕ್ ಖಾತೆ, ಜಮೀನಿನ ಪಾಲು, ಪಿಂಚಣಿ ಎಲ್ಲದರಲ್ಲೂ ಇದು ಅಡ್ಡ ಬರುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ ಈ ನಾಲ್ಕು ಬಗೆಯವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಒಂದು ದಾರಿ ಮಾಡಿದೆ. ಜಿಲ್ಲಾ ಮಟ್ಟದಲ್ಲಿ ಡಿಸಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ಟ್ರಸ್ಟ್‌ನಲ್ಲಿ ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ಒಬ್ಬ ವಿಕಲಚೇತನ ವ್ಯಕ್ತಿ ಇರುವ ಸ್ಥಳೀಯ ಸಮಿತಿಗೆ ಪೋಷಕರ ನೇಮಕ ಕೋರಿ ಅರ್ಜಿ ಕೊಡಬೇಕು. ತಂದೆ, ತಾಯಿ ಕೊಡಬಹುದು, ಅಕ್ಕನಂಥ ಸಂಬಂಧಿಕರೂ ಕೊಡಬಹುದು. ಪೋಷಕರ ನೇಮಕ ನಿಜಕ್ಕೂ ಬೇಕೇ, ಬೇಕಾದರೆ ಯಾವ ವಿಷಯಕ್ಕೆ ಎಂದು ಸಮಿತಿ ಮೊದಲು ನೋಡುತ್ತದೆ. ನೇಮಕವಾದವರು 6 ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಹಣಕಾಸು ವರ್ಷ ಮುಗಿದ 3 ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಪೋಷಕರು ಹಿಂಸಿಸಿದರೆ, ನಿರ್ಲಕ್ಷಿಸಿದರೆ, ಆಸ್ತಿ ದುರುಪಯೋಗ ಮಾಡಿದರೆ ತೆಗೆದುಹಾಕಲೂ ಅವಕಾಶವಿದೆ. ಉಳಿದ ವಿಕಲತೆಗಳಿಗೆ 2016ರ ಕಾಯ್ದೆಯಲ್ಲಿ ‘ಸೀಮಿತ ಪೋಷಕತ್ವ’ ಇದೆ. ಅಲ್ಲಿ ಪೋಷಕರು ವ್ಯಕ್ತಿಯ ಬದಲಾಗಿ ತೀರ್ಮಾನಿಸುವುದಿಲ್ಲ, ಅವರ ಜೊತೆ ಕೂತು ತೀರ್ಮಾನಿಸುತ್ತಾರೆ.

ಹಣದ ಕಡೆ ಬಂದರೆ, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮೊದಲು ಮಾಡಿಸಿ. ಬಹುತೇಕ ಸೌಲಭ್ಯಗಳಿಗೆ ಅದನ್ನೇ ಕೇಳುತ್ತಾರೆ. ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆ ಮೇಲಿನ ನಾಲ್ಕು ಬಗೆಯವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ, ಥೆರಪಿಯ ಖರ್ಚೂ ಅದರೊಳಗೆ ಸೇರುತ್ತದೆ. ‘ಘರೌಂದಾ’ ಎಂಬುದು ದೊಡ್ಡವರಾದ ಮೇಲೆ ಗುಂಪಾಗಿ ವಾಸಿಸುವ ಮನೆಗಳ ಯೋಜನೆ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಕಲಂ ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ 75,000 ರೂಪಾಯಿ, ತೀವ್ರ ವಿಕಲತೆಯಿದ್ದರೆ 1,25,000 ರೂಪಾಯಿ ಕಡಿತ ಕೊಟ್ಟಿದೆ. ತನ್ನನ್ನು ಅವಲಂಬಿಸಿರುವ ಅಣ್ಣ ತಮ್ಮ ಅಕ್ಕ ತಂಗಿಯರನ್ನು ನೋಡಿಕೊಳ್ಳುವವರೂ ಅದಕ್ಕೆ ಅರ್ಹರು. ಎಷ್ಟೋ ಜನ ಇದನ್ನು ತಂದೆ ತಾಯಿಗೆ ಮಾತ್ರ ಎಂದುಕೊಂಡು ಬಿಟ್ಟಿದ್ದಾರೆ. ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯ ದಿನ 2026ರ ಏಪ್ರಿಲ್ 1, ಹಾಗಾಗಿ ಕಲಮಿನ ಸಂಖ್ಯೆಯನ್ನು ಆಡಿಟರ್ ಬಳಿ ಕೇಳಿ ತಿಳಿಯಿರಿ. ಕೇಂದ್ರ ಸರ್ಕಾರಿ ನೌಕರರ ಕುಟುಂಬ ಪಿಂಚಣಿ, ದುಡಿಯಲಾಗದ ವಿಕಲಚೇತನ ಮಗುವಿಗೆ ಬದುಕಿರುವವರೆಗೆ ಸಿಗುತ್ತದೆ. ಅವಲಂಬಿತ ವಿಕಲಚೇತನ ಒಡಹುಟ್ಟಿದವರೂ ನಿಯಮಗಳ ಪ್ರಕಾರ ಆ ಸಾಲಿನಲ್ಲಿದ್ದಾರೆ.

ಮೊದಲು ಯಾರ ಬಾಗಿಲು ತಟ್ಟಬೇಕು

ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ವಿಆರ್‌ಡಬ್ಲ್ಯು ಎಂದರೆ ಪಂಚಾಯಿತಿಯಲ್ಲಿ ಎಲ್ಲರಿಗೂ ಗೊತ್ತು. ತಾಲ್ಲೂಕಿಗೆ ಎಂಆರ್‌ಡಬ್ಲ್ಯು, ಜಿಲ್ಲೆಗೆ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಇಲಾಖೆಯ ಕಚೇರಿ ಇದೆ. ಇನ್ನೂ ಚಿಕ್ಕ ಮಗುವಾದರೆ ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡ ಪರೀಕ್ಷಿಸಿ ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತದೆ. ಮಾತು, ಕಿವಿಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮಕ್ಕಳ ಮನಸ್ಸಿನ ವಿಷಯಕ್ಕೆ ನಿಮ್ಹಾನ್ಸ್ ಇವೆ. ಅಕ್ಕನಿಗೋ ಅಮ್ಮನಿಗೋ ಮನಸ್ಸು ಭಾರವೆನಿಸಿದಾಗ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇದೆಲ್ಲದರಲ್ಲಿ ಅಕ್ಕನಿಗೆಂದೇ ಇರುವುದು ಬಹಳ ಕಡಿಮೆ ಎಂಬುದನ್ನು ನೀವು ಗಮನಿಸಿರಬಹುದು. ಎಂಬತ್ತರ ದಶಕದ ಆರಂಭದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡಾನ್ ಮೇಯರ್ ಎಂಬವರು ಒಡಹುಟ್ಟಿದ ಮಕ್ಕಳಿಗಾಗಿಯೇ ‘ಸಿಬ್‌ಶಾಪ್’ ಎಂಬ ಕೂಟ ಶುರುಮಾಡಿದರು. ಎಂಟರಿಂದ ಹದಿಮೂರು ವರ್ಷದ ಮಕ್ಕಳು ಸೇರುತ್ತಾರೆ, ಹೆಚ್ಚು ಹೊತ್ತು ಆಡುತ್ತಾರೆ, ಊಟ ಮಾಡುತ್ತಾರೆ, ನಡುನಡುವೆ ಮನೆಯ ವಿಷಯ ಮಾತಾಡುತ್ತಾರೆ. ಈಗ ಅದು ಹಲವು ದೇಶಗಳಿಗೆ ಹರಡಿದೆ.

ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ಹೋಬಳಿಯ ನಾಲ್ಕು ಪಂಚಾಯಿತಿಗಳ ವಿಆರ್‌ಡಬ್ಲ್ಯುಗಳ ಬಳಿ ವಿಕಲಚೇತನ ಮಕ್ಕಳಿರುವ ಮನೆಗಳ ಪಟ್ಟಿ ಇರುತ್ತದೆ. ಶನಿವಾರ ಮಧ್ಯಾಹ್ನ ಶಾಲೆಯ ಜಗಲಿ ಖಾಲಿ ಇರುತ್ತದೆ. ಒಬ್ಬ ಶಿಕ್ಷಕಿ, ಒಂದು ಲಗೋರಿ ಚೆಂಡು, ಮಂಡಕ್ಕಿ, ಎರಡು ಗಂಟೆ. ಇಲ್ಲಿ ಆಡಿದ್ದನ್ನು ಮನೆಯಲ್ಲಿ ಹೇಳಬಾರದು ಎಂಬ ಒಂದು ನಿಯಮ, ಯಾರಿಗಾದರೂ ಅಪಾಯವಿದೆ ಎಂದು ಕಂಡರೆ ಮಾತ್ರ ಶಿಕ್ಷಕಿ ಹೇಳುತ್ತಾರೆ ಎಂಬ ಇನ್ನೊಂದು. ಮೊದಲ ಅರ್ಧ ಗಂಟೆ ಯಾರೂ ಬಾಯಿ ಬಿಡದಿರಬಹುದು. ಆಮೇಲೆ ಆರನೇ ತರಗತಿಯ ನಮ್ಮ ಹುಡುಗಿ, ಮಂಡಕ್ಕಿಯ ಪೊಟ್ಟಣ ಬಿಚ್ಚುತ್ತ, ಪಕ್ಕದ ಊರಿನ ಹುಡುಗನನ್ನು ಕೇಳಿಯಾಳು: ‘ನಿಮ್ಮನೇಲೂ ಫ್ಯಾನ್ ಹಾಕಲ್ವಾ?’